ಬಾಟಲಿಯ ಕೊರಳಿನ ಕೆಂಪು ಚಿಂದಿ

ದಿಲೀಪನ ಮನೆಯ ಜೀಪ್ ಶೆಡ್ಡಿನಲ್ಲಿ ಜೀಪೊಂದನ್ನು ಬಿಟ್ಟು ಉಳಿದದ್ದೆಲ್ಲ ಇತ್ತು. ಅವನ ಅಪ್ಪ ರಂಗನಾಥ ಗೌಡರು ಬದುಕಿರುವವರೆಗೆ ಯಾವುದನ್ನೂ ಎಸೆದವರಲ್ಲ. ಕಾಫಿ ಹಣ್ಣು ಸುಲಿಯುವ ಪಲ್ಪರಿನ ತುಕ್ಕು ಹಿಡಿದ ಚಕ್ರ, ತೂತು ಬಿದ್ದ ಟಾರ್ಪಾಲು, ಹೆಗ್ಗಣ ಕಡಿದ ಗೋಣಿಚೀಲ, ಮುರಿದ ಸ್ಪ್ರೇಯರ್, ಎಲ್ಲವೂ 'ಒಂದು ದಿನ ಬೇಕಾಗುತ್ತೆ' ಎಂಬ ಒಂದೇ ಮಾತನ್ನು ನಂಬಿಕೊಂಡು ಅಲ್ಲಿ ಬೀಡುಬಿಟ್ಟಿದ್ದವು. ಆ ಒಂದು ದಿನ ಬರುವ ಮೊದಲೇ ಗೌಡರು ಹೋಗಿಬಿಟ್ಟರು. ಜೀಪು ಮಾತ್ರ ಹಲಸಿನ ಮರದಡಿಯಲ್ಲೇ ನಿಲ್ಲುತ್ತಿತ್ತು.

ಈಗ ದಿಲೀಪ್ ಸೆಕೆಂಡ್ ಹ್ಯಾಂಡ್ ಕಾರೊಂದನ್ನು ತರಲು ಮೂಡಿಗೆರೆಗೆ ಹೋಗಿದ್ದ. ಅದು ಬರುವುದರೊಳಗೆ ಶೆಡ್ಡು ಖಾಲಿಯಾಗಬೇಕೆಂದು ಅವನ ಹೆಂಡತಿ ರೇವತಿ ಸೆರಗು ಸಿಕ್ಕಿಸಿಯೇಬಿಟ್ಟಳು. ಗಲೀಜು ಕಂಡರೆ ಅವಳಿಗೆ ಅನ್ನ ಸೇರುವುದಿಲ್ಲ. ಬಾಟಲಿಯ ತಳಕ್ಕೆ ಹತ್ತಿದ ಅಂಟನ್ನೂ ಉಗುರಿನಿಂದ ಕೆರೆದು ತೆಗೆಯುವ ಹೆಂಗಸು. ಮಾವ ಇರುವವರೆಗೆ ಅವಳ ಆಟ ಶೆಡ್ಡಿನ ಬಾಗಿಲ ತನಕ ಮಾತ್ರ ನಡೆದಿತ್ತು. ಔಷಧಿ, ಸ್ಪ್ರೇಯರ್ ಎಲ್ಲ ಗಂಡಸರ ಉಸಾಬರಿ.

ತೋಟದ ಹಳೆಯ ಆಳು ನಿಂಗಯ್ಯ ಸಾಮಾನು ಹೊತ್ತು ಹೊರಗೆ ಹಾಕಿದ. ಅವನ ಹೆಂಡತಿ ಅಣ್ಣಮ್ಮ ಅಂಗಳದಲ್ಲಿ ಗೋಣಿ ಕೊಡವಿದಳು. ಒಳಗೆ ರೇವತಿ ಮೂಲೆಯ ಕಪಾಟಿಗೆ ಕೈ ಹಾಕಿದಳು. ಸಾಲು ಸಾಲು ಬಾಟಲಿಗಳು, ಮೇಲೆ ಬೆರಳುದ್ದ ಧೂಳು. ಕೆಲವು ಬಾಟಲಿಗಳ ಕೊರಳಿಗೆ ಯಾವುದೋ ಕಾಲದ ಕೆಂಪು ಚಿಂದಿ ಕಟ್ಟಿತ್ತು, ಎಣ್ಣೆ ಕುಡಿದು ಕರ್ರಗಾಗಿತ್ತು. 'ಥೂ, ಇದೊಂದು ಅಲಂಕಾರ ಬೇರೆ' ಎಂದುಕೊಂಡು ಕತ್ತರಿ ತಂದು ಎಲ್ಲವನ್ನೂ ಕತ್ತರಿಸಿ ಒಲೆಗೆ ಹಾಕಿದಳು. ಬಾಟಲಿಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ದೊಡ್ಡದು ಚಿಕ್ಕದು ನೋಡಿ ಶಾಲೆಯ ಮಕ್ಕಳ ಹಾಗೆ ಸಾಲು ನಿಲ್ಲಿಸಿದಳು.

ಅದರಲ್ಲೊಂದು ರಮ್ ಬಾಟಲಿ, ಮುಕ್ಕಾಲು ತುಂಬಿತ್ತು. ಮಾವ ಸಂಜೆ ಒಂದು ಗುಟುಕು ಹಾಕುತ್ತಿದ್ದದ್ದು ಊರಿಗೇ ಗೊತ್ತು. ಪಾಪ, ಕುಡಿದು ಮುಗಿಸಲೂ ಆಗಲಿಲ್ಲವಲ್ಲ ಎಂದು ಅವಳ ಕಣ್ಣು ತುಂಬಿತು.

ಪಿತೃಪಕ್ಷದ ದಿನಗಳು. ನಿಂಗಯ್ಯನ ಮನೆಯಲ್ಲಿ ಅಂದೇ ಹಿರಿಯರಿಗೆ ಎಡೆ. ಮಧ್ಯಾಹ್ನ ಅವನು ಹೊರಟು ನಿಂತಾಗ ರೇವತಿ ಆ ಬಾಟಲಿಯನ್ನು ಕೈಗಿಟ್ಟಳು.

"ಮಾವಯ್ಯಂದು. ಎಡೆಗೆ ಇಟ್ಟು ಆಮೇಲೆ ನೀನೇ ತಗೋ ಮಾರಾಯ. ಅವ್ರ ಜೊತೆ ನಿನ್ನಷ್ಟು ದುಡಿದೋರು ಯಾರಿದಾರೆ?"

ನಿಂಗಯ್ಯ ಬಾಟಲಿಯನ್ನು ಕಣ್ಣಿಗೊತ್ತಿಕೊಂಡ. "ದೊಡ್ಡ ಗೌಡ್ರಿಗೂ ಒಂದ್ ಲೋಟ ಇಡ್ತೀನಿ ಅಮ್ಮಾ" ಎಂದು ಹೆಂಡತಿಯೊಡನೆ ಇಳಿಜಾರಿನಲ್ಲಿ ಮರೆಯಾದ.

ಊಟ ಮುಗಿಸಿ ರೇವತಿ ಕಪಾಟಿನ ಫೋಟೋ ತೆಗೆದು ಗಂಡನಿಗೆ ವಾಟ್ಸಾಪ್ ಮಾಡಿದಳು. ಶಹಬ್ಬಾಸ್‌ಗಿರಿ ಬರುತ್ತದೆಂದು ಕಾದಳು. ಬಂದದ್ದು ಫೋನು.

"ರೇವತಿ, ಬಾಟ್ಲಿಗಳ ಕುತ್ತಿಗೇಲಿದ್ದ ಕೆಂಪು ಬಟ್ಟೆ ಎಲ್ಲಿ?"

"ಆ ಕೊಳಕು ಚಿಂದೀನಾ? ಸುಟ್ಟೆ."

"ಅದು ವಿಷದ ಗುರುತು ಕಣೇ. ಓದಕ್ಕೆ ಬರದ ಆಳುಗಳಿಗೆ ಗೊತ್ತಾಗ್ಲಿ ಅಂತ ಅಪ್ಪಯ್ಯ ಕಟ್ಟಿದ್ದು. ಕಳೆ ಔಷಧಿಯ ದೊಡ್ಡ ಕ್ಯಾನಿಂದ ಅವಕ್ಕೆ ಬಗ್ಗಿಸಿ ಇಡ್ತಿದ್ರು. ನಾನು ಬರೋವರ್ಗೂ ಏನೂ ಮುಟ್ಬೇಡ."

"ಆ... ಆ ರಮ್ ಬಾಟ್ಲೀನೂ?"

"ಕುಡಿಯೋದನ್ನ ಅಪ್ಪಯ್ಯ ಶೆಡ್ಡಲ್ಲಿ ಯಾವತ್ತು ಇಟ್ಟಿದ್ರು? ಅದು ಅವ್ರ ಬೀಗದ ಪೆಟ್ಟಿಗೇಲಿ ಇರ್ತಿತ್ತು. ಯಾಕೆ? ರೇವತಿ? ಯಾಕೆ?"

ರೇವತಿ ಫೋನ್ ಕತ್ತರಿಸಿ ನಿಂಗಯ್ಯನ ಮಗ ಧರ್ಮೇಶನ ನಂಬರ್ ಒತ್ತಿದಳು. ವ್ಯಾಪ್ತಿ ಪ್ರದೇಶದ ಹೊರಗೆ. ಹಳ್ಳದ ಪಕ್ಕದ ಕೂಲಿ ಲೈನಿಗೆ, ಆಳುಗಳ ಆ ಮನೆಸಾಲಿಗೆ, ಯಾವ ಕಂಪನಿಯ ಸಿಗ್ನಲ್ಲೂ ಇಳಿಯುವುದಿಲ್ಲ. ಅವಳೇ ಇಳಿದಳು, ಬರಿಗಾಲಿನಲ್ಲಿ.

ಜೀಪಿನ ದಾರಿ ಸುತ್ತು ಎಂದು ಕಾಫಿ ಗಿಡಗಳ ನಡುವೆಯೇ ನುಗ್ಗಿದಳು. ರೆಂಬೆ ಮುಖಕ್ಕೆ ಹೊಡೆಯಿತು, ಜಾರಿ ಬಿದ್ದಳು, ಎದ್ದಳು. ನಿಂಗಯ್ಯ ಲೋಟ ಎತ್ತಿದರೆ ಕೆಳಗಿಡುವ ಜಾಯಮಾನದವನಲ್ಲ, ಒಂದೇ ಗುಟುಕು. ಆ ಗುಟುಕು ಅವಳ ಕಣ್ಣ ಮುಂದೆಯೇ ಗಂಟಲಿಗೆ ಇಳಿಯುತ್ತಿತ್ತು. ಧರ್ಮೇಶನಿಗೂ ಒಂದಿಷ್ಟು ಕೊಟ್ಟಿದ್ದರೆ? ಜನ ಏನೆಂದಾರು, ಗೌಡರ ಸೊಸೆ ಹಬ್ಬದ ದಿನ ಆಳಿಗೆ ವಿಷ ಹಾಕಿದಳು ಎಂದಾರು, ಪೊಲೀಸರು ಬಂದಾರು. ಅವನು ಸಾಯುತ್ತಿರುವಾಗ ನನಗೆ ನನ್ನ ಮಾನದ ಚಿಂತೆಯೇ ಎಂದು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. 'ಹೊರನಾಡಮ್ಮಾ, ಅವನು ಕುಡಿದಿರದಿರಲಿ' ಎಂಬುದೊಂದೇ ಬಾಯಿಗೆ ಬರುತ್ತಿತ್ತು.

ಲೈನಿನ ಕೊನೆಯ ಮನೆ ನಿಂಗಯ್ಯನದು. ಬಾಗಿಲು ಹಾಕಿತ್ತು. ಜಗಲಿಯ ಮೇಲೆ ಅಣ್ಣಮ್ಮ ತಲೆಗೆ ಸೆರಗು ಹೊದ್ದು ಕೂತಿದ್ದಳು. ಪಕ್ಕದಲ್ಲಿ ಧರ್ಮೇಶ್ ತಲೆ ತಗ್ಗಿಸಿದ್ದ. ಯಾರ ಬಾಯಲ್ಲೂ ಮಾತಿಲ್ಲ, ಸಾವಿನ ಮನೆಯ ಹಾಗೆ. ನಿಂಗಯ್ಯ ಎಲ್ಲೂ ಕಾಣಲಿಲ್ಲ.

"ನಿಂಗಯ್ಯ ಎಲ್ಲಿ?" ಎಂದು ರೇವತಿ ಕಿರುಚಿದಳು.

ಅಣ್ಣಮ್ಮ ಗಾಬರಿಯಾಗಿ ತುಟಿಯ ಮೇಲೆ ಬೆರಳಿಟ್ಟಳು. "ಮೆತ್ತಗೆ ಅಮ್ಮಾ. ಹಿರೀರು ಉಣ್ತಾ ಇದಾರೆ."

ರೇವತಿಗೆ ಅದು ಕಿವಿಗೇ ಬೀಳಲಿಲ್ಲ. ಬಾಗಿಲಿಗೆ ಹೆಗಲು ಕೊಟ್ಟಳು. "ಅಯ್ಯೋ, ಈಗ ತೆಗೀಬಾರ್ದು!" ಎಂದು ಧರ್ಮೇಶ್ ಅಡ್ಡ ಬರುವಷ್ಟರಲ್ಲಿ ಬಾಗಿಲು ತೆರೆದುಕೊಂಡಿತು. ಒಳಗೆ ದೀಪ ಉರಿಯುತ್ತಿತ್ತು. ಬಾಳೆಲೆಯ ಮೇಲೆ ಕೋಳಿ ಸಾರು, ಕಡುಬು. ಎಲೆಯ ಪಕ್ಕ ಸ್ಟೀಲ್ ಲೋಟ, ಅದರ ತುಂಬ ಕಪ್ಪು ನೀರು. ಪಕ್ಕದಲ್ಲಿ ಆ ಬಾಟಲಿ. ಮನುಷ್ಯರು ಮಾತ್ರ ಯಾರೂ ಇರಲಿಲ್ಲ.

"ಏನಾಯ್ತು ಅಮ್ಮಾ?"

ಹಿತ್ತಲಿನಿಂದ ಕಾಲು ತೊಳೆದುಕೊಂಡು ಬಂದ ನಿಂಗಯ್ಯ ಬಾಗಿಲಲ್ಲಿ ನಿಂತಿದ್ದ, ಹೊಸ ಪಂಚೆ ಉಟ್ಟು, ಕಲ್ಲುಗುಂಡಿನ ಹಾಗೆ.

"ಕುಡಿದ್ಯಾ? ನಿಂಗಯ್ಯ, ಕುಡಿದ್ಯಾ?"

"ಹಿರೀರು ಎದ್ದು ಕೈ ತೊಳೀದೆ ನಾವು ಹೆಂಗೆ ಮುಟ್ಟೋದು? ಎಡೆ ಇಟ್ಟು ಬಾಗ್ಲು ಹಾಕಿ ಈಗಿನ್ನೂ ಸ್ವಲ್ಪ ಹೊತ್ತಾಯ್ತು."

ರೇವತಿ ಹೊಸ್ತಿಲ ಮೇಲೆ ಕುಸಿದು ಗೊಳೋ ಎಂದು ಅತ್ತಳು. ಅಳುತ್ತಲೇ ಎಲ್ಲವನ್ನೂ ಹೇಳಿದಳು, ಚಿಂದಿ ಸುಟ್ಟದ್ದು, ಬಾಟಲಿ ಒರೆಸಿದ್ದು. ಅಣ್ಣಮ್ಮ ಎದೆ ಹಿಡಿದುಕೊಂಡು ಗೋಡೆಗೆ ಒರಗಿದಳು. ಧರ್ಮೇಶ್ ಲೋಟವನ್ನೂ ಬಾಟಲಿಯನ್ನೂ ದೂರ ಹಿಡಿದು ಹೊರಗೆ ಒಯ್ದ. ಅವನ ಮುಖ ನೋಡಲು ರೇವತಿಗೆ ಧೈರ್ಯ ಬರಲಿಲ್ಲ.

"ದೊಡ್ಡ ಗೌಡ್ರು ಮುಟ್ಟಿರಲ್ಲ ಬಿಡಿ," ಎಂದು ನಿಂಗಯ್ಯ ನಗಲು ನೋಡಿದ. "ಅವ್ರಿಗೆ ಅವ್ರ ಮಾಲು ಗೊತ್ತು." ನಗು ಅರ್ಧಕ್ಕೇ ನಿಂತಿತು.

"ನಿಂಗೆ ವಾಸನೆ ಬರ್ಲಿಲ್ವಾ?"

"ಬಂತು."

"ಮತ್ತೆ?"

"ಹಳೇದು, ಕೆಟ್ಟಿರ್ಬೇಕು ಅಂದ್ಕಂಡೆ. ಕುತ್ತಿಗೆ ನೋಡ್ದೆ, ಕೆಂಪು ಬಟ್ಟೆ ಇರ್ಲಿಲ್ಲ." ಅವನು ಬೈಗುಳದ ದನಿಯಲ್ಲಲ್ಲ, ಸುಮ್ಮನೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ. "ಮತ್ತೆ ಕೊಟ್ಟೋರು ನೀವಲ್ವಾ ಅಮ್ಮಾ. ಕುಡೀತಿದ್ದೆ."

ಸಂಜೆ ದಿಲೀಪ್ ಕಾರು ತಂದಾಗ ಶೆಡ್ಡಿನ ಬಾಗಿಲು ಅರ್ಧ ತೆರೆದಿತ್ತು. ಒಳಗೆ ರೇವತಿ ಕೂತು ತನ್ನ ಕೆಂಪು ಸೀರೆಯೊಂದನ್ನು ಪಟ್ಟಿ ಪಟ್ಟಿ ಹರಿಯುತ್ತಿದ್ದಳು. ಯಾವ ಬಾಟಲಿಯಲ್ಲಿ ವಿಷ, ಯಾವುದರಲ್ಲಿ ಬರೀ ಸೀಮೆಎಣ್ಣೆ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಎಲ್ಲಕ್ಕೂ ಕಟ್ಟಿದ್ದಳು. ಖಾಲಿ ಬಾಟಲಿಗೂ ಕಟ್ಟಿದ್ದಳು. ಗಂಡ ಕರೆದರೂ ತಿರುಗದೆ, ಕಟ್ಟಿದ ಗಂಟನ್ನೇ ಮತ್ತೆ ಮತ್ತೆ ಎಳೆದು ನೋಡುತ್ತಿದ್ದಳು. ಆ ರಾತ್ರಿ ಹೊಸ ಕಾರೂ ಹಲಸಿನ ಮರದಡಿಯಲ್ಲೇ ನಿಂತಿತು.