ಟಾರ್ವೆಕ್‌ನ ನಿಯತ್ತು

ಶಹಾಪುರದ ಮಲ್ಲೇಶ್ವರಿ ಟೀಚರ್ ಮನೆಯ ಮಾಳಿಗೆ ಕೋಣೆಯಲ್ಲಿ ಪ್ರತಿ ಭಾನುವಾರ ಮಧ್ಯಾಹ್ನ ಒಂದು ಆಟ ನಡೆಯುತ್ತಿತ್ತು. ಕೆಳಗೆ ಜೋಳ ಹಸನು ಮಾಡುತ್ತ ಕೂರುವ ಅವಳ ತಾಯಿ ಮಾನಮ್ಮನ ಪ್ರಕಾರ ಅದು ಇಂಗ್ಲಿಷ್ ಪಗಡಿ. ಒಬ್ಬರು ಕಥೆ ಕಟ್ಟಬೇಕು, ಇನ್ನೊಬ್ಬರು ಅದರೊಳಗಿನ ಪಾತ್ರವಾಗಬೇಕು. ಆ ಪಾತ್ರ ಗೋಡೆ ಹಾರಿತೋ ಕಾಲು ಮುರಿದುಕೊಂಡಿತೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಪಾತ್ರಕ್ಕೊಂದು ಹಾಳೆ, ಹಾಳೆಯಲ್ಲಿ ನಾಲ್ಕು ಮನೆ: ತಾಕತ್ತು, ಚುರುಕು, ಬುದ್ಧಿ, ನಿಯತ್ತು. ಮನೆಯಲ್ಲಿ ಬರೆದ ಅಂಕಿಗಿಂತ ದಾಳದಲ್ಲಿ ಕಡಿಮೆ ಬಿದ್ದರೆ ಕೆಲಸ ಆಯಿತು ಎಂದು ಲೆಕ್ಕ.

ನಿಯತ್ತಿನ ಮನೆ ಮೂಲ ಆಟದಲ್ಲಿರಲಿಲ್ಲ. ಅದನ್ನು ಸೇರಿಸಿದವನು ಪರಮಣ್ಣ. ಪಾತ್ರ ಯಾರಿಗಾದರೂ ಮಾತು ಕೊಟ್ಟಿದ್ದರೆ ಅದನ್ನು ಉಳಿಸಿಕೊಳ್ಳುತ್ತದೋ ಇಲ್ಲವೋ ನೋಡುವುದಕ್ಕೆ ಆ ಮನೆ.

ಪರಮಣ್ಣ ಸುರಪುರದವನು. ದೋರನಹಳ್ಳಿಯ ಶಾಲೆಯಲ್ಲಿ ಮಲ್ಲೇಶ್ವರಿ ಕನ್ನಡ ಕಲಿಸುತ್ತಿದ್ದಾಗ ಅಲ್ಲೇ ಎರಡು ವರ್ಷ ಅತಿಥಿ ಶಿಕ್ಷಕನಾಗಿದ್ದ. ಆಟ ಕಲಿಸಿದವನೂ ಅವನೇ. ಶನಿವಾರ ಅರ್ಧ ದಿನದ ಶಾಲೆ ಮುಗಿದ ಮೇಲೆ ಶಿರವಾಳದ ಹಳೆಯ ಗುಡಿಯ ಕಟ್ಟೆಯ ಮೇಲೆ ಕೂತು, ಒಂದು ದಪ್ಪ ಇಂಗ್ಲಿಷ್ ಕಾದಂಬರಿಯನ್ನು ಪುಟ ಪುಟವಾಗಿ ಕನ್ನಡ ಮಾಡಿ ಅವಳಿಗೆ ಹೇಳುತ್ತಿದ್ದ. ಅದರ ನಾಯಕ ಟಾರ್ವೆಕ್. ನಾಯಕ ಅನ್ನುವುದು ಬರೀ ಮರ್ಯಾದೆಗೆ. ಕಳ್ಳ, ಕೊಲೆಗಾರ, ಬಾಯಿ ತೆರೆದರೆ ಕುಹಕ. ಆದರೂ ಅವನು ಬಂದರೆ ಪುಟ ಬೆಳಗುತ್ತಿತ್ತು. ಕೋಟೆಯೊಂದರ ಒಡತಿ ಇಲ್ನಾ ಅವನಿಗೆ ಮನಸೋತಿದ್ದಳು. ಅಂಥವರನ್ನು ಕಂಡರೆ ಹೆಣ್ಣುಮಕ್ಕಳಿಗೆ ಯಾಕೆ ಜೀವ ಎಳೆಯುತ್ತದೋ, ಆ ದೇವರೇ ಹೇಳಬೇಕು.

ಆರು ವರ್ಷದ ಹಿಂದೆ ಪರಮಣ್ಣ ರೈಲ್ವೆ ನೌಕರಿ ಸಿಕ್ಕಿ ಮಹಾರಾಷ್ಟ್ರದ ಭುಸಾವಳಕ್ಕೆ ಹೊರಟ. ಯಾದಗಿರಿ ಸ್ಟೇಷನ್ನಿಗೆ ಅವಳೇ ಹೋಗಿ ಕಳಿಸಿಬಂದಳು. ಗಾಡಿಯ ಬಾಗಿಲಲ್ಲಿ ನಿಂತು ಅವನು ಆ ಪುಸ್ತಕವನ್ನು ಅವಳ ಕೈಗಿಟ್ಟ.

"ಇದು ನಿನ್ನ ಹತ್ರ ಇರ್ಲಿ. ಬರ್ತೀನಿ."

"ಹೂಂ, ಬಾ," ಅಂದಳು ಅವಳು.

ಮೊದಲ ವರ್ಷ ಫೋನು ಬಂತು. ಆಮೇಲೆ ಹಬ್ಬಕ್ಕೊಂದು ಸಂದೇಶ, ಆಮೇಲೆ ಅದೂ ಇಲ್ಲ. ಈ ನಡುವೆ ನೋಡಲು ಬಂದ ಎರಡು ಗಂಡುಗಳನ್ನು ಮಲ್ಲೇಶ್ವರಿ ಒಬ್ಬನ ಹಲ್ಲಿನ ನೆಪ, ಇನ್ನೊಬ್ಬನ ಊರಿನ ನೆಪ ಹೇಳಿ ವಾಪಸ್ ಕಳಿಸಿದಳು. ನಿಜ ಏನೆಂದರೆ ಅವಳು ಪರಮಣ್ಣನಿಗೆ ಕಾಯುತ್ತಿದ್ದಳು. ಪುಸ್ತಕವನ್ನು ಮಾತ್ರ ಒಂದು ದಿನವೂ ತೆರೆದಿರಲಿಲ್ಲ. ತೆರೆದರೆ ಅದರೊಳಗಿನ ಅವನ ದನಿ ಹಾರಿಹೋದೀತೆಂಬ ಭಯ.

ಈಗ ಆಟಕ್ಕೆ ಉಳಿದವರು ಇಬ್ಬರೇ, ಅವಳು ಮತ್ತು ಬಸ್‌ಸ್ಟ್ಯಾಂಡಿನ ಹತ್ತಿರ ಝೆರಾಕ್ಸ್ ಅಂಗಡಿ ಇಟ್ಟಿರುವ ಕಹಕಶಾ. ಈ ಭಾನುವಾರ ಕಹಕಶಾ ಹಟ ಹಿಡಿದಳು.

"ಅಕ್ಕಾ, ಈ ಸಲ ನಾ ಟಾರ್ವೆಕ್ ಆಗ್ತೀನಿ. ಹಾಳಿ ತಯಾರ್ ಮಾಡಿಕೊಡು."

ಮಲ್ಲೇಶ್ವರಿ ಕೂತು ಬರೆದಳು. ತಾಕತ್ತು ಹನ್ನೆರಡು. ಚುರುಕು ಹತ್ತೊಂಬತ್ತು. ಬುದ್ಧಿ ಹದಿನಾರು. ನಿಯತ್ತು ಎರಡು.

"ಎರಡಾ!" ಕಹಕಶಾ ಹೌಹಾರಿದಳು. "ಎರಡು ಕೊಟ್ರ ನಾ ಆಡೂದು ಹ್ಯಾಂಗ? ಅಂವ ಏನ್ ಮಾಡ್ಯಾನ ಅಂಥಾದ್ದು?"

"ಕ್ವಾಟಿ ಬಾಗ್ಲಾಗ ಇಲ್ನಾಗ 'ಬರ್ತೀನಿ' ಅಂತ ಹೇಳಿ ಹೋದ. ಆಕಿ ಅಗಸಿ ಬಾಗ್ಲಾ ಹಾಕ್ಲಾರ್ದ ಕಾಯ್ಕೋತ ಕುಂತ್ಲು. ತೆರೆದ ಅಗಸ್ಯಾಗ ವೈರಿಗಳು ಬಂದ್ರು. ಅಂವ ಬರ್ಲೇ ಇಲ್ಲ. ಎರಡು ಕೊಟ್ಟಿದ್ದೂ ಜಾಸ್ತೀನ ಆತು."

"ಪುಸ್ತಕದಾಗ ಹಂಗೇ ಐತೇನು? ತೋರ್ಸು. ನೋಡಿದ ಮ್ಯಾಲ ಸುಮ್ನಾಗ್ತೀನಿ."

ಝೆರಾಕ್ಸ್ ಅಂಗಡಿಯವರಿಗೆ ಮೂಲ ಪ್ರತಿ ನೋಡದೆ ಸಮಾಧಾನವಿಲ್ಲ. ಮಲ್ಲೇಶ್ವರಿ ಟ್ರಂಕಿನಿಂದ ಪುಸ್ತಕ ತೆಗೆದಳು. ಕೋಟೆಯ ಅಧ್ಯಾಯದಲ್ಲಿ ಪರಮಣ್ಣ ಇಟ್ಟಿದ್ದ ಯಾದಗಿರಿ ಬಸ್ಸಿನ ಟಿಕೆಟ್ ಇನ್ನೂ ಇತ್ತು. ಬೆರಳಿಟ್ಟು, ಒಂದೊಂದೇ ಸಾಲು ಕೂಡಿಸಿಕೊಂಡು ಓದಿದಳು. ಟಾರ್ವೆಕ್ ಕುದುರೆ ಹತ್ತುತ್ತಾನೆ. ಇಲ್ನಾ ಕಡೆ ತಿರುಗುತ್ತಾನೆ. ಒಂದೇ ಒಂದು ಮಾತು ಹೇಳುತ್ತಾನೆ: ಫೇರ್‌ವೆಲ್.

ಆ ಪದಕ್ಕೆ ಅವಳಿಗೆ ಡಿಕ್ಷನರಿ ಬೇಕಿರಲಿಲ್ಲ. ವರ್ಷಾ ವರ್ಷಾ ಹತ್ತನೇ ತರಗತಿಯ ಮಕ್ಕಳಿಗೆ ಹಾರ ಹಾಕಿ, ಬೂಂದಿ ಕೊಟ್ಟು, ಫೇರ್‌ವೆಲ್ ಮಾಡಿ ಕಳಿಸುವವಳು ಅವಳೇ. ಆ ಮಕ್ಕಳು ಮತ್ತೆ ಬಂದು ಅದೇ ಬೆಂಚಿನಲ್ಲಿ ಕೂರುವುದಿಲ್ಲ.

ಪರಮಣ್ಣ ಸುಳ್ಳು ಹೇಳಿರಲಿಲ್ಲ. ಫೇರ್‌ವೆಲ್ ಅನ್ನು ಅವನು 'ಬರ್ತೀನಿ' ಮಾಡಿದ್ದ; ಕನ್ನಡದಲ್ಲಿ ಇನ್ನೇನು ಅಂದಾನು? ಮನೆ ಬಿಟ್ಟು ಹೊರಡುವಾಗ 'ಹೋಗ್ತೀನಿ' ಅಂದರೆ ಹಿರಿಯರು ಬಾಯಿ ಮುಚ್ಚಿಸುತ್ತಾರೆ. ಸಂತೆಗೆ ಹೋಗುವವನೂ 'ಬರ್ತೀನಿ' ಅನ್ನುತ್ತಾನೆ, ಮತ್ತೆಂದೂ ಈ ಕಡೆ ತಲೆ ಹಾಕದವನೂ ಹಾಗೇ ಅನ್ನುತ್ತಾನೆ. ಟಾರ್ವೆಕ್ ಮಾತು ಕೊಟ್ಟಿರಲೇ ಇಲ್ಲ. ಇಲ್ನಾ ತಾನಾಗಿ ಕಾದಿದ್ದಳು. ಮಲ್ಲೇಶ್ವರಿಯೂ ಹಾಗೇ. ಆರು ವರ್ಷ ಪರಮಣ್ಣನನ್ನು ಬೈದುಕೊಂಡೇ ಕಾದಿದ್ದಳಲ್ಲ, ಈಗ ಬೈಯುವುದಕ್ಕೂ ಯಾರೂ ಉಳಿಯಲಿಲ್ಲ.

"ಏನಾತಕ್ಕಾ?"

"ನನ್ನದೇ ತಪ್ಪು," ಎಂದು ಎರಡನ್ನು ಹೊಡೆದುಹಾಕಿ ಹದಿನೆಂಟು ಬರೆದಳು.

"ಹಂಗಾರ ದಾಳ ಒಗಿಲೇನು? ಅಂವ ಇಲ್ನಾ ಕಡಿ ಹೊಳ್ಳಿ ಬರ್ತಾನೋ ಇಲ್ಲೋ ನೋಡೂಣು."

"ಬ್ಯಾಡ. ಮಾತು ಕೊಟ್ಟಿದ್ರ ದಾಳ. ಕೊಡದಿದ್ದಕ್ಕ ದಾಳ ಇಲ್ಲ."

ಹೇಳಿದ್ದು ಪರಮಣ್ಣನದೇ ನಿಯಮ. ಹೇಳುವಾಗ ಮಾತ್ರ ಅವಳಿಗೆ ಒಮ್ಮೆ ದಾಳ ಒಗೆದು ನೋಡುವ ಆಸೆ ಎಷ್ಟಿತ್ತೆಂದರೆ, ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡಳು.

ಸಂಜೆ ಅಂಗಡಿ ತೆರೆಯುವ ಹೊತ್ತಾಗಿತ್ತು. ಕಹಕಶಾ ಹಾಳೆ ಮಡಚಿ ಪರ್ಸಿಗೆ ಹಾಕಿಕೊಂಡು ಮೆಟ್ಟಿಲ ಕಡೆ ನಡೆದಳು.

"ಬರ್ತೀನಿ ಅಕ್ಕಾ."

"ಬರ್ತೀಯೋ, ಹೋಗ್ತೀಯೋ? ನೆಟ್ಟಗ ಹೇಳು."

ಕಹಕಶಾ ನಕ್ಕಳು. "ಈಗ ಹೋಗಾಕತ್ತೇನಿ. ಆಯ್ತಾರ ಬರ್ತೀನಿ."

ಆಯ್ತಾರ, ಅಂದರೆ ಮುಂದಿನ ಭಾನುವಾರ. ಬರುವವರು ವಾರ ಹೇಳುತ್ತಾರೆ. ಪರಮಣ್ಣ ವಾರ ಹೇಳಿರಲಿಲ್ಲ, ತಿಂಗಳು ಹೇಳಿರಲಿಲ್ಲ. ಯಾದಗಿರಿಯಲ್ಲಿ ಗಾಡಿ ಎರಡು ನಿಮಿಷ ನಿಂತಿತ್ತು. 'ಯಾವಾಗ?' ಎಂದು ಕೇಳಲು ಅಷ್ಟು ಸಾಕಿತ್ತು. ಕೇಳಿದರೆ ಗೊತ್ತಾಗಿಬಿಡುತ್ತದೆ ಎಂದು ಮಲ್ಲೇಶ್ವರಿಗೆ ಆಗಲೇ ಗೊತ್ತಿತ್ತು.