ಗ್ರೀಕ್ ಗೊಂಬೆಯ ಹಣೆಗೆ ಕುಂಕುಮ

ಕುವೈತಿನ ಶುವೈಖ್‌ನ ವರ್ಕ್‌ಶಾಪಿನಲ್ಲಿ ಪ್ರದರ್ಶನದ ಸ್ಟ್ಯಾಂಡುಗಳನ್ನು ಮಾಡುವ ಸುಂದರನಿಗೆ ಆಯುಧಪೂಜೆ ಬಂತೆಂದರೆ ಹಿಡಿಯುವವರಿಲ್ಲ. ಡ್ರಿಲ್ಲಿಗೆ, ಗರಗಸಕ್ಕೆ, ಟೆಂಪೋದ ಗಾಜಿಗೆ, ಕಣ್ಣಿಗೆ ಬಿದ್ದದ್ದಕ್ಕೆಲ್ಲ ಕುಂಕುಮ. ಹಚ್ಚಲಿ, ಬೇಡ ಎಂದವರಾರು? ಆದರೆ ಸ್ಟ್ಯಾಂಡಿನ ಅಳತೆಗೆಂದು ತಂದಿಟ್ಟಿದ್ದ, ಗ್ರೀಕರ ಕಾಲದ ಗೇಣುದ್ದದ ಸುಟ್ಟಮಣ್ಣಿನ ಹೆಂಗಸಿನ ಹಣೆಗೂ ಹಚ್ಚಿಬಿಡುವುದೇ!

ಗೊಂಬೆಯನ್ನು ತಂದವಳು ಆಶಾಲತಾ. ಹಳೆಯ ವಸ್ತುಗಳನ್ನು ಜೋಪಾನ ಮಾಡುವುದು ಅವಳ ಉದ್ಯೋಗ. ಅದರಲ್ಲೂ ಈ ಗೊಂಬೆಗಳೆಂದರೆ ಜೀವ. ಪಕ್ಕದ ಕೋಣೆಯಲ್ಲಿ ಪಂಚಕಜ್ಜಾಯ ತಿಂದು ಬರುವಷ್ಟರಲ್ಲಿ ಕೆಲಸ ಕೆಟ್ಟಿತ್ತು.

“ದೇವಿಯ ಹಾಗೆ ಕೂತಿದ್ದಾಳಲ್ಲ ಅಕ್ಕ, ಇವಳೊಬ್ಬಳನ್ನು ಬಿಡುದು ಹೇಗೆ?” ಎಂದ ಸುಂದರ, ಅವಳ ಮುಖ ನೋಡಿ ಗಾಬರಿಯಿಂದ ಒದ್ದೆ ಬಟ್ಟೆ ಎತ್ತಿಕೊಂಡ.

“ನೀರು ಮುಟ್ಟಿಸಿದರೆ ನಿನ್ನ ಕೈ ಮುರಿತೇನೆ, ಮಾರಾಯ!”

ಒದ್ದೆಯಾದರೆ ಬಣ್ಣ ಮಣ್ಣಿನೊಳಗೆ ಇಳಿಯುತ್ತದೆ. ಅವಳು ಒಣ ಕುಂಚದಿಂದ ಕುಂಕುಮವನ್ನು ಮೆಲ್ಲನೆ ಎತ್ತಿದಳು. ತನ್ನ ಕೈಯ ಮೇಲೆ ಅವಳಿಗೆ ಭರವಸೆಯಿತ್ತು. ಆದರೂ ಹಣೆಯ ಬಿರುಕಿನಲ್ಲಿ ಒಂದು ಚೂರು ಕೆಂಪು ಉಳಿಯಿತು. ಇನ್ನೂ ಕೆದಕಿದರೆ ಮಣ್ಣೇ ಉದುರುತ್ತಿತ್ತು.

ಮರುದಿನ ನಗರದ ಮಿರ್ಕಾಬಿನಲ್ಲಿದ್ದ ಪ್ರದರ್ಶನದ ಕೋಣೆಯಲ್ಲಿ, ಸಂಗ್ರಹದ ಒಡತಿ ಕುವೈತಿ ಮೇಡಂ ಭೂತಗನ್ನಡಿ ಹಿಡಿದು ಹಣೆಯ ಕೆಂಪು ಕಂಡವರೇ ಹಿಗ್ಗಿಬಿಟ್ಟರು. ಇಂಥ ಗೊಂಬೆಗಳಿಗೆ ಆ ಕಾಲದಲ್ಲಿ ಬಣ್ಣ ಬಳಿಯುತ್ತಿದ್ದರು. ಅದು ಉಳಿದುಬರುವುದು ಅಪರೂಪ.

“ಹಳೆಯ ಬಣ್ಣ! ಇಷ್ಟು ದಿನ ನಮ್ಮ ಕಣ್ಣಿಗೇ ಬಿದ್ದಿರಲಿಲ್ಲ, ಅಲ್ಲವೇ?” ಎಂದರು ಇಂಗ್ಲಿಷಿನಲ್ಲಿ.

ಸ್ಟ್ಯಾಂಡ್ ಜೋಡಿಸಲು ಬಂದಿದ್ದ ಸುಂದರ ಬಾಗಿಲಿನಿಂದಲೇ ಅಕ್ಕನ ಮುಖ ನೋಡಿದ. ಆಶಾಲತಾ ಹೂಂ ಎಂದರೆ ಸಾಕು, ಅವನ ಕೆಲಸ ಉಳಿಯುತ್ತದೆ. ಅಲ್ಲ ಎಂದರೆ ಖಲಾಸ್. ಹೂಂ ಎಂದುಬಿಡಲು ಅವಳಿಗೂ ಆಸೆಯಾಯಿತು. ಆದರೆ ನಿನ್ನೆಯ ಕುಂಕುಮವನ್ನು ಗ್ರೀಕರ ತಲೆಗೆ ಕಟ್ಟುವುದೆಂದರೆ? ಥೂ, ಆಮೇಲೆ ಯಾವ ಮುಖ ಇಟ್ಟುಕೊಂಡು ಈ ಕೆಲಸ ಮಾಡುವುದು!

“ಅಲ್ಲ ಮೇಡಂ. ಅದು ನಿನ್ನೆ ನಮ್ಮ ಪೂಜೆಯ ಕುಂಕುಮ.”

“ಯಾರು ಹಚ್ಚಿದ್ದು?”

“ಗೊಂಬೆ ನನ್ನ ವಶದಲ್ಲಿತ್ತು. ಬಿಟ್ಟು ಹೋದವಳು ನಾನು. ಕೇಳುವುದಿದ್ದರೆ ನನ್ನನ್ನು ಕೇಳಿ.”

ಮೇಡಂ ಮುಖ ಸಿಂಡರಿಸಿ ಭೂತಗನ್ನಡಿ ಕೆಳಗಿಟ್ಟರು. ಗೊಂಬೆಯನ್ನು ಪ್ರದರ್ಶನದಿಂದ ತೆಗೆಸಿ, ಆ ಜಾಗಕ್ಕೆ ಸುಗಂಧತೈಲದ ಪುಟ್ಟ ಕುಡಿಕೆಗಳನ್ನು ಇಡಿ ಎಂದರು. ಇನ್ನು ಮೇಲೆ ಆಶಾಲತಾ ಕುಡಿಕೆಗಳನ್ನಷ್ಟೇ ನೋಡಿಕೊಳ್ಳಲಿ, ಗೊಂಬೆಗಳನ್ನು ಮುಟ್ಟಕೂಡದು ಎಂದು ಹೇಳಿ ಹೊರಟುಹೋದರು. ಸುಂದರನ ಹೆಸರು ಬರಲೇ ಇಲ್ಲ.

ಅವನು ಗೊಂಬೆಯ ಸ್ಟ್ಯಾಂಡ್ ಬಿಚ್ಚುತ್ತ ಕಣ್ಣೊರೆಸಿಕೊಂಡ. “ನನ್ನಿಂದಾಗಿ ನಿಮ್ಮ ಗೊಂಬೆಗಳು ಹೋದವಲ್ಲ ಅಕ್ಕ.”

ಆಶಾಲತಾ ಒಂದು ಕುಡಿಕೆಯನ್ನು ತಂದು ಅವನ ಮುಂದಿಟ್ಟಳು.

“ಹೋಯ್ತು. ಈಗ ಎಂತ, ಇಬ್ಬರೂ ಕೂತು ಅಳುದಾ? ಈ ಕುಡಿಕೆಗಳಿಗೆ ಸ್ಟ್ಯಾಂಡ್ ಯಾರು ಮಾಡುದು, ನಿನ್ನ ಅಜ್ಜನಾ? ಅಳತೆ ತೆಗಿ, ಯಲ್ಲಾ, ಬೇಗ!”