ಅದೃಷ್ಟದ ಗಿಡಕ್ಕೆ ಕ್ಷೌರ

ಗುನ್ಸಾನ್ ಪೇಟೆಯಲ್ಲಿ ಇನ್‌ಸುಕ್ ಕೇಶಾಲಂಕಾರದ ಅಂಗಡಿ ತೆರೆದ ದಿನ ಹನ್ನೊಂದು ಗಿಡಗಳು ಉಡುಗೊರೆ ಬಂದಿದ್ದವು. ಅವುಗಳಲ್ಲಿ ಅವಳು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದದ್ದು ಕೆಲಸ ಕಲಿಸಿದ ಪ್ಯೊ ಮೇಡಂ ಕಳಿಸಿದ ಆಳೆತ್ತರದ ಅದೃಷ್ಟದ ಗಿಡವನ್ನು. ಒಂಬತ್ತು ವರ್ಷ ಕಲಿಸಿಯೂ ಮೇಡಂ ತಮ್ಮ ತಲೆಯನ್ನು ಒಮ್ಮೆಯೂ ಅವಳ ಕೈಗೆ ಕೊಟ್ಟವರಲ್ಲ. ಈಗ, ಅಂಗಡಿಗೆ ವರ್ಷ ತುಂಬಿದ ಮೇಲೆ, ಗುರುವಾರ ಕೂದಲು ಕತ್ತರಿಸಿಕೊಳ್ಳಲು ಬರುತ್ತೇನೆಂದು ಫೋನ್ ಮಾಡಿದ್ದರು.

ಗಿಡ ನೋಡಿದರೆ ಎಲೆಯ ತುದಿಗಳೆಲ್ಲ ಕಂದು.

ಇನ್‌ಸುಕ್ ನೀರು ತಪ್ಪಿಸಿದವಳಲ್ಲ. ಮೇಡಂ ಅಂಗಡಿಯ ಗಿಡಕ್ಕೂ ಒಂಬತ್ತು ವರ್ಷ ದಿನಾ ಅವಳೇ ಹಾಕಿದ್ದಳು. ಅದರ ಒಂದೆಲೆಯೂ ಬಾಡಿರಲಿಲ್ಲ. ಖಾಯಂ ಗಿರಾಕಿ ಗಪ್‌ಸುನ್ ಅಕ್ಕ ಅಕ್ಕಿ ತೊಳೆದ ನೀರು ತಂದು ಸುರಿದಳು. ಬಿಯರ್‌ನಲ್ಲಿ ಒರೆಸಿದರೆ ಎಲೆ ಹೊಳೆಯುತ್ತದೆ ಎಂದಳು. ಒರೆಸಿದರು. ಹೊಳೆಯುತ್ತಲೇ ಇನ್ನಷ್ಟು ಕಂದು ಬಣ್ಣಕ್ಕೆ ತಿರುಗಿತು.

ಕೊನೆಗೆ ಇನ್‌ಸುಕ್ ಕತ್ತರಿ ಹಿಡಿದಳು. ಕಂದನ್ನೆಲ್ಲ ತೆಗೆದಳು. ಮರುದಿನ ಕತ್ತರಿಸಿದಲ್ಲೇ ಮತ್ತೆ ಕಂದು. ಆಮೇಲೆ ಎರಡು ಬದಿ ಸಮವಿಲ್ಲವೆನಿಸಿ ಆ ಕಡೆ ಸ್ವಲ್ಪ, ಈ ಕಡೆ ಸ್ವಲ್ಪ. ಬುಧವಾರದ ಹೊತ್ತಿಗೆ ಗಿಡ ಸೈನ್ಯಕ್ಕೆ ಹೊರಟ ಹುಡುಗನ ತಲೆಯಂತಾಗಿತ್ತು.

"ಚೆನ್ನಾಗೇ ಮಾಡಿದೀಯ ಬಿಡು," ಎಂದಳು ಗಪ್‌ಸುನ್ ಅಕ್ಕ. "ಇನ್ನು ಯೂನಿಫಾರ್ಮ್ ಒಂದು ಹೊಲಿಸು."

ಗುರುವಾರ ಬಂದ ಮೇಡಂ ನೇರ ಗಿಡದ ಮುಂದೆ ನಿಂತರು.

"ಹಸಿರಿಗೆ ಯಾಕೆ ಕತ್ತರಿ ಹಾಕ್ದೆ? ಕೂದಲೆಳೆಯಷ್ಟು ಕಂದು ಉಳಿಸಿ ಕತ್ತರಿಸ್ಬೇಕು. ಹಸಿರಿಗೆ ಗಾಯ ಆದ್ರೆ ಅಲ್ಲಿಂದಲೇ ಮತ್ತೆ ಒಣಗುತ್ತೆ. ಹೋಗ್ಲಿ, ಕುಂಡದ ಒಳಗೆ ನೋಡಿದೀಯಾ?"

ನೋಡಿರಲಿಲ್ಲ. ಹಿರಿಯರು ಕೊಟ್ಟದ್ದನ್ನು ಕೆದಕುವುದುಂಟೇ ಎಂದು ಮೇಡಂ ಹೆಸರಿದ್ದ ರಿಬ್ಬನ್ನನ್ನೂ ಬಿಚ್ಚಿರಲಿಲ್ಲ. ಇಬ್ಬರೂ ಸೇರಿ ಗಿಡವನ್ನು ಮೇಲೆತ್ತಿದರು. ಅಂದದ ಕಲ್ಲುಗಳ ಕೆಳಗೆ ಬಡಕಲು ಪ್ಲಾಸ್ಟಿಕ್ ಕುಂಡ, ಸುತ್ತಲೂ ಥರ್ಮೋಕೋಲ್, ಹೊರಗಿನ ಕುಂಡದ ತೂತಿಲ್ಲದ ತಳದಲ್ಲಿ ಒಂದು ವರ್ಷದ ನೀರು. ಬೇರು ಕೊಳೆತ ವಾಸನೆಯ ಮುಂದೆ ಅಂಗಡಿಯ ರಾಸಾಯನಿಕಗಳ ಘಾಟೂ ಸೋತಿತು.

"ದಿನಾ ಹಾಕ್ತಿದ್ಯಾ?"

"ನಿಮ್ಮ ಗಿಡಕ್ಕೆ ಹಾಕಿದ ಹಾಗೇ, ಮೇಡಂ."

ಮೇಡಂ ಗಿಡವನ್ನು ನೆಲಕ್ಕೆ ಒರಗಿಸಿದರು.

"ಅದು ಪ್ಲಾಸ್ಟಿಕ್ ಗಿಡ ಕಣೇ. ಮೂರು ನಿಜವಾದ ಗಿಡ ಸತ್ತ ಮೇಲೆ ತಂದಿಟ್ಟದ್ದು. ನೀನು ಅಷ್ಟು ಶ್ರದ್ಧೆಯಿಂದ ಹಾಕ್ತಿದ್ದೆ. ಹೇಗೆ ಹೇಳ್ಲಿ?"

ಇನ್‌ಸುಕ್‌ಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಮೇಡಂ ಅಂಗಿಯ ತೋಳು ಮಡಚಿ, ಕಪ್ಪಗೆ ಕೊಳೆತ ಬೇರುಗಳನ್ನು ಕತ್ತರಿಸಿ, ಗಟ್ಟಿಯಿದ್ದವನ್ನು ಉಳಿಸಿ, ತಳದಲ್ಲಿ ತೂತಿರುವ ಕುಂಡದಲ್ಲಿ ಹೊಸ ಮಣ್ಣಿಗೆ ನೆಟ್ಟರು. ಮಣ್ಣಿನೊಳಗೆ ಎರಡು ಗೆಣ್ಣಿನಷ್ಟು ಬೆರಳು ಇಳಿಸಿ ನೋಡಿ, ಒಣಗಿದ್ದರೆ ಮಾತ್ರ ನೀರು ಎಂದರು.

ಆಮೇಲೆ ಕೈ ತೊಳೆದು, ಕನ್ನಡಕ ತೆಗೆದು, ಕುರ್ಚಿಯಲ್ಲಿ ಕೂತರು.

"ಗಿಡಕ್ಕೆ ಮಾಡಿದ ಹಾಗೆ ಸಮ ಮಾಡ್ತಾ ಹೋಗ್ಬೇಡ."

ಇನ್‌ಸುಕ್ ಕತ್ತರಿಸಿದಳು. ಎಲ್ಲ ಮುಗಿದ ಮೇಲೆ ಎಡಗಡೆ ಒಂದೆಳೆ ಉದ್ದ ಕಂಡಿತು. ಕೈ ಮುಂದೆ ಹೋಯಿತು. ಅಲ್ಲೇ ನಿಂತಿತು. ಅವಳು ಕತ್ತರಿಯನ್ನು ಕೆಳಗಿಟ್ಟಳು.